ಪಶ್ಚಿಮಕ್ಕೆ ಲಾಮಾರಾಳ ಝರಿ

ಉಮರ್ಗಾ

ನಮ್ಮ ಅಣ್ಣ ಪರದೇಶದಲ್ಲಿ ಮನೆ ಕೊಳ್ಳಲು ಹೊರಟದ್ದು ನೀರಿಗಾಗಿ ಎಂದರೆ ಯಾರೂ ನಂಬುವುದಿಲ್ಲ. ಜನ ಪರದೇಶಕ್ಕೆ ಓದಲು ಹೋಗುತ್ತಾರೆ, ದುಡಿಯಲು ಹೋಗುತ್ತಾರೆ, ಕೆಲವರು ತಪ್ಪಿಸಿಕೊಳ್ಳಲೂ ಹೋಗುತ್ತಾರೆ. ಉಮರ್ಗಾದ ಅಡತಿ ವ್ಯಾಪಾರಿ ವೀರಭದ್ರಪ್ಪ ಮಾತ್ರ ಒಂದು ಝರಿಯ ವಿಡಿಯೋ ನೋಡಿ ಹೊರಟ.

ಅದು ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ. ಉಮರ್ಗಾದಲ್ಲಿ ನಳ ಬರುವ ದಿನ ಮೊದಲೇ ಗೊತ್ತಾದರೆ ಜನ ಊರಿಗೆ ಹೋಗುವುದನ್ನೂ ಮುಂದೆ ಹಾಕುತ್ತಿದ್ದರು. ತುರೋರಿಯ ಹೆದ್ದಾರಿಯಲ್ಲಿ ಲಾರಿಗಿಂತ ಟ್ಯಾಂಕರುಗಳೇ ಹೆಚ್ಚು ಕಾಣುತ್ತಿದ್ದವು. ದಾಳಿಂಬ ಊರಿನ ಕಡೆ ತೊಗರಿ ಮೊಣಕಾಲೆತ್ತರಕ್ಕೆ ಬಂದು ಅಲ್ಲಿಯೇ ನಿಂತಿತ್ತು. ಅಂಗಡಿಯಲ್ಲಿ ತೂಗುವುದಕ್ಕೆ ಏನೂ ಇಲ್ಲದ್ದರಿಂದ ಅಣ್ಣ ಗಾದಿಯ ಮೇಲೆ ಕೂತು ಮೊಬೈಲು ನೋಡುವುದನ್ನು ಕಲಿತ. ಹೈದರಾಬಾದಿನ ಯಾವನೋ ಏಜೆಂಟ್ ಅವನಿಗೆ ಜಾರ್ಜಿಯಾ ಎಂಬ ದೇಶದ ಹಳ್ಳಿಮನೆಯ ವಿಡಿಯೋ ಕಳಿಸಿದ. ಕಲ್ಲಿನ ಮನೆ, ಪಕ್ಕದಲ್ಲಿ ಅಕ್ರೋಟದ ಮರ, ಅದರಾಚೆ ದನಗಳಿಗೆ ನೀರಿಡುವಂಥ ಕಲ್ಲಿನ ದೋಣಿಗೆ ಒಂದು ಕೊಳವೆಯಿಂದ ಬೀಳುತ್ತಿರುವ ನೀರು. ಹತ್ತಿರದಲ್ಲಿ ಒಂದು ಕೊಡವೂ ಇಲ್ಲ, ಮನುಷ್ಯರೂ ಇಲ್ಲ.

“ತಂಗೀ, ಇದನ್ನ ಬಂದ್ ಮಾಡೋರು ಯಾರೂ ಇಲ್ಲೇನು?” ಎಂದು ಅಣ್ಣ ನಿಲಂಗಾದಲ್ಲಿದ್ದ ನನಗೆ ಫೋನು ಮಾಡಿದ. ಅವನ ದನಿಯಲ್ಲಿ ಸಿಟ್ಟಿತ್ತು. “ಹರದು ಹೊಂಟದಲ್ಲ!”

ಒಂದು ತಿಂಗಳು ಅವನು ಆ ವಿಡಿಯೋ ನೋಡಿದ. ಊಟ ಮಾಡುವಾಗ ನೋಡಿದ, ಗಿರಾಕಿಗಳಿಗೆ ತೋರಿಸಿದ, ಟ್ಯಾಂಕರಿನ ಸಾಲಿನಲ್ಲಿ ನಿಂತವರಿಗೂ ತೋರಿಸಿ ಬೈಸಿಕೊಂಡ. ಕೊನೆಗೆ ಆ ಮನೆ ತೆಗೆದುಕೊಳ್ಳುವುದೇ ಸೈ ಎಂದ.

ಆದರೆ ಅವನಿಗೊಂದು ಹೆದರಿಕೆ ಇತ್ತು. ಉದಗೀರದ ನಮ್ಮ ಭಾವನವರು ದಾಲ್ ಮಿಲ್ ಇಟ್ಟವರು, ಅಣ್ಣನಿಗಿಂತ ಮೊದಲೇ ಪರದೇಶದಲ್ಲಿ ಫ್ಲ್ಯಾಟ್ ಕೊಂಡವರು. ವಕೀಲರು ಯಾಕೆ, ಏಜೆಂಟನ ವಕೀಲರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದು ಸಹಿ ಹಾಕಿ ಬಂದಿದ್ದರು. ಕಾಗದದಲ್ಲಿ ಅವರ ಫ್ಲ್ಯಾಟ್ ಒಂಬತ್ತನೇ ಮಹಡಿಯಲ್ಲಿದೆ. ಕಟ್ಟಡಕ್ಕೆ ಏಳು ಮಹಡಿ. ಅವರ ಮನೆಯ ಗೋಡೆಯ ಮೇಲೆ ಈಗಲೂ ಆ ಕಟ್ಟಡದ ಫೋಟೋ ಇದೆ. ಬಂದವರಿಗೆ ಭಾವನವರು ಕಟ್ಟಡದ ಮೇಲಿನ ಮೋಡವನ್ನು ಬೆರಳಿಟ್ಟು ತೋರಿಸುತ್ತಾರೆ.

“ವಕೀಲರು ಬೇಕೇ ಬೇಕು. ಮನ್ಯಾಗ ನೀನೇ ಇದ್ದೀ, ನಡಿ” ಎಂದ ಅಣ್ಣ.

ನಾನು ನಿಲಂಗಾ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ಜಮೀನಿನ ಕಾಗದಗಳನ್ನೇ ನೋಡುತ್ತ ಬಂದವಳು. ನನ್ನ ವಕೀಲಿ ಸನದು ಆ ದೇಶದಲ್ಲಿ ನಡೆಯುವುದಿಲ್ಲ, ಅಲ್ಲಿಯ ಕಾನೂನು ಓದಿದ ಅಲ್ಲಿಯ ವಕೀಲರೇ ಬೇಕು, ಅದೂ ಏಜೆಂಟ್ ತೋರಿಸಿದವರಲ್ಲ, ನಾವೇ ಹುಡುಕಿದವರು ಎಂದು ಅವನಿಗೆ ಬಿಡಿಸಿ ಹೇಳಿದೆ. ಅಣ್ಣ ಇಬ್ಬರೂ ಇರಲಿ ಎಂದ. ಅಲ್ಲಿಯ ವಕೀಲರು ಮನೆಯನ್ನು ನೋಡಲಿ, ನಾನು ಆ ವಕೀಲರನ್ನು ನೋಡುತ್ತಿರಲಿ ಎಂಬುದು ಅವನ ಹಂಚಿಕೆ.

ಟಿಬಿಲಿಸಿ, ವಿಮಾನ ನಿಲ್ದಾಣ

ಜಾರ್ಜಿಯಾದ ರಾಜಧಾನಿಯಲ್ಲಿ ಇಳಿದ ಅರ್ಧ ಗಂಟೆಯಲ್ಲಿಯೇ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಕಾರಣ ಅಣ್ಣನ ಚೀಲ. ಅದರಲ್ಲಿ ಕಟಕ್ ರೊಟ್ಟಿಯ ಒಂದು ಗಂಟು, ಶೇಂಗಾ ಹಿಂಡಿಯ ಚಟ್ನಿಪುಡಿ, ಒಂದು ಇಳಕಲ್ ಸೀರೆ, ಮತ್ತು ಉಮರ್ಗಾ ತಹಸೀಲಿನ ಮುಂದೆ ಕೊಂಡ ಸ್ಟ್ಯಾಂಪ್ ಪೇಪರಿನ ಒಂದು ಕಟ್ಟು ಇದ್ದವು. ಅಲ್ಲಿ ಸಿಗದಿದ್ದರೆ ಏನು ಮಾಡುವುದು ಎಂದು ನನಗೆ ಹೇಳದೆ ತಂದಿದ್ದ.

ಕಸ್ಟಮ್ಸ್ ಅಧಿಕಾರಿ ಒಂದು ಹಾಳೆಯನ್ನು ಬೆಳಕಿಗೆ ಹಿಡಿದ. ಸಿಂಹದ ಚಿತ್ರ, ಅಂಕಿ, ಬಣ್ಣದ ಬಳ್ಳಿ. ಇಷ್ಟು ದೊಡ್ಡ ನೋಟು ಯಾವ ದೇಶದ್ದು ಎಂದು ಕೇಳಿದ.

ಇದು ನೋಟಲ್ಲ, ಕರಾರು ಬರೆಯುವ ಕಾಗದ ಎಂದೆ.

“ಏನು ಬರೆದಿದೆ?”

“ಇನ್ನೂ ಏನೂ ಬರೆದಿಲ್ಲ.”

“ಏನೂ ಬರೆಯದ ಕಾಗದಕ್ಕೆ ಸರಕಾರ ಯಾಕೆ ಬೆಲೆ ಹಾಕಿದೆ?”

ಇಪ್ಪತ್ತು ವರ್ಷ ವಕೀಲಿ ಮಾಡಿದ್ದೇನೆ. ಈ ಪ್ರಶ್ನೆಯನ್ನು ನನಗೆ ಯಾವ ಜಡ್ಜೂ ಕೇಳಿಲ್ಲ.

ಅಧಿಕಾರಿ ಆಮೇಲೆ ರೊಟ್ಟಿಯನ್ನು ಉಗುರಿನಿಂದ ತಟ್ಟಿದ. ಟಣ್ ಎಂದಿತು. ಅಣ್ಣ ಧೈರ್ಯ ಮಾಡಿ ಒಂದನ್ನು ಮುರಿದು, ಹಿಂಡಿ ಹಚ್ಚಿ ಅವನ ಕೈಗೆ ಕೊಟ್ಟ. “ತಿನ್ರೀ ಸಾಹೇಬ್ರ, ಜ್ವಾಳದ್ದು.” ಅಧಿಕಾರಿ ಕಡಿದಾಗ ಆ ಸಪ್ಪಳಕ್ಕೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಅಗಿಯುವುದು ಮುಗಿಯುವವರೆಗೆ ಅವನಿಗೆ ಮಾತಾಡಲು ಆಗಲಿಲ್ಲ. ಅಷ್ಟರಲ್ಲಿ ಅವನ ಮೇಲಧಿಕಾರಿ ಬಂದು ನಮ್ಮನ್ನು ಕೈಸನ್ನೆಯಿಂದ ಹೊರಗೆ ಕಳಿಸಿದ.

ನಾನಾ ಅವರ ಆಫೀಸು

ಅಲ್ಲಿಯ ವಕೀಲರ ಪಟ್ಟಿಯನ್ನು ನಾನೇ ಜಾಲಾಡಿ, ನಾಲ್ಕು ಜನಕ್ಕೆ ಪತ್ರ ಬರೆದು, ಪೂರ್ತಿ ಉತ್ತರ ಕೊಟ್ಟ ಒಬ್ಬರನ್ನು ಆರಿಸಿದ್ದೆ. ಹೆಸರು ನಾನಾ. ಹೆಸರು ಕೇಳಿಯೇ ಅಣ್ಣನಿಗೆ ಸಮಾಧಾನವಾಗಿತ್ತು. ನಮ್ಮ ಮರಾಠಿ ಸೀಮೆಯಲ್ಲಿ ನಾನಾ ಎಂದರೆ ಬಿಳಿ ಟೊಪ್ಪಿಗೆಯ ಹಿರಿಯರು, ನಾಲ್ಕು ಜನರ ನ್ಯಾಯ ಬಗೆಹರಿಸಿದವರು.

ಬಾಗಿಲು ತೆರೆದವಳು ಗಿಡ್ಡ ಕೂದಲಿನ, ಮೂವತ್ತೈದರ ಆಸುಪಾಸಿನ ಹೆಂಗಸು.

“ನಾನಾಸಾಹೇಬ್ರು ಅದಾರೇನವಾ?” ಎಂದ ಅಣ್ಣ.

ಅವಳು ಎದೆ ಮುಟ್ಟಿಕೊಂಡು “ನಾನಾ” ಎಂದಳು. ಅಣ್ಣ ತಲೆ ಅಲ್ಲಾಡಿಸಿ ಅವಳ ಹಿಂದೆ ನೋಡುತ್ತ ಕಾದ. ಅವಳು ಮತ್ತೆ “ನಾನಾ” ಎಂದಳು. ಇವನು ಮತ್ತೆ ಹೂಂ ಎಂದು ಕಾದ. ನಾನು ಅವನ ತೋಳು ಹಿಡಿದು ಒಳಗೆ ಕೂಡಿಸಬೇಕಾಯಿತು. ಅವಳೇ ನಾನಾ ಎಂದು ತಿಳಿದ ಮೇಲೂ ಕೊನೆಯ ದಿನದ ತನಕ ಅವನು ಅವಳನ್ನು ನಾನಾಸಾಹೇಬ್ರು ಎಂದೇ ಕರೆದ. ಹೆಸರಿನ ಮರ್ಯಾದೆ ಹೆಸರಿಗೆ ಸಲ್ಲಲಿ ಎಂದು ಅವನ ವಾದ.

ನಾನಾಗೂ ನನಗೂ ಇಂಗ್ಲಿಷಿನಲ್ಲಿ ಮಾತು. ಏಜೆಂಟ್ ಕೊಟ್ಟ ಕರಾರಿನ ಕರಡನ್ನು ಅವಳ ಮುಂದಿಟ್ಟೆ. ಅವಳು ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಒತ್ತಿದಳು. ಮನೆ, ಒಡೆಯನ ಹೆಸರು, ನಕ್ಷೆ, ಸಾಲವಿಲ್ಲವೆಂಬ ದಾಖಲೆ ಎಲ್ಲ ಪರದೆಯ ಮೇಲೆ ಬಂತು. ನಮ್ಮಲ್ಲಿ ಇದಕ್ಕೆ ಸರ್ಚ್ ಅನ್ನುತ್ತೇವೆ. ನೋಂದಣಿ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು, ಹಳೆಯ ಪುಸ್ತಕ ತಿರುವುತ್ತ, ಎರಡು ದಿನ ಸೀನಿದರೆ ಒಂದು ಸರ್ಚ್ ಆಗುತ್ತದೆ. ಇವಳದು ಚಹಾ ಬರುವ ಮೊದಲೇ ಮುಗಿಯಿತು. ನನಗೆ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಧೂಳಿಲ್ಲದ ಸರ್ಚನ್ನು ನಾನು ನಂಬುವುದಾದರೂ ಹೇಗೆ?

“ಚತುಃಸೀಮೆ ಎಲ್ಲಿದೆ?” ಎಂದು ಕೇಳಿದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ದಾರಿ ಎಂದು ನಾಲ್ಕೂ ದಿಕ್ಕು ಬರೆಯದ ಕಾಗದವನ್ನು ನಾನು ಈವರೆಗೆ ಮುಟ್ಟಿಲ್ಲ.

“ಅದು ಬೇಕಿಲ್ಲ. ಜಾಗಕ್ಕೆ ಸಂಖ್ಯೆ ಇದೆ. ಪಕ್ಕದ ಮನೆಯವರು ಬದಲಾಗಬಹುದು, ಸಂಖ್ಯೆ ಬದಲಾಗುವುದಿಲ್ಲ” ಎಂದಳು ನಾನಾ.

“ನಾಳೆ ಜಗಳ ಬಿದ್ದರೆ ನಿಮ್ಮ ಸಂಖ್ಯೆ ಬಂದು ಸಾಕ್ಷಿ ಹೇಳುವುದಿಲ್ಲ. ಪಕ್ಕದ ಮನೆಯವರು ಹೇಳುತ್ತಾರೆ.”

ಅವಳು ಪೆನ್ನು ಕೆಳಗಿಟ್ಟು ನಕ್ಕಳು. ಹಾಗಾದರೆ ನಾಳೆ ಊರಿಗೆ ಹೋಗಿ ನಾಲ್ಕೂ ದಿಕ್ಕು ನಡೆದೇ ನೋಡೋಣ ಎಂದಳು. ಆಮೇಲೆ ಏಜೆಂಟನ ಕರಡನ್ನು ನನ್ನ ಕಡೆ ತಿರುಗಿಸಿ, ಇದರಲ್ಲಿ ಗೋಡೆಯಿದೆ, ಛಾವಣಿಯಿದೆ, ದ್ರಾಕ್ಷಿ ಚಪ್ಪರವಿದೆ, ಆದರೆ ನೀರಿನ ಮಾತೇ ಇಲ್ಲವಲ್ಲ ಎಂದು ಕೇಳಿದಳು. ನಾನು ವಿಮಾನದಲ್ಲಿ ಅದನ್ನು ಎರಡು ಸಲ ಓದಿದ್ದೆ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಅವಮಾನವಾಯಿತು. ನೀರಿಲ್ಲವೆಂದು ಅಣ್ಣನಿಗೆ ಕನ್ನಡದಲ್ಲಿ ಹೇಳಿದಾಗ ಅವನ ಮುಖ ಟ್ಯಾಂಕರು ಬಾರದ ದಿನದಂತಾಯಿತು.

ನಾವೇ ವಕೀಲರನ್ನು ಗೊತ್ತು ಮಾಡಿದ್ದೇವೆ, ಅವರೂ ಊರಿಗೆ ಬರುತ್ತಾರೆ ಎಂದು ಏಜೆಂಟನಿಗೆ ಫೋನು ಮಾಡಿ ತಿಳಿಸಿದೆವು. ಆ ಫೋನು ಇವತ್ತಿನವರೆಗೂ ಮತ್ತೆ ಹತ್ತಿಲ್ಲ.

ಕಾಖೇತಿಯ ಹಳ್ಳಿ, ಮಾಮಾನ ಮನೆ

ಮನೆ ಮಾರುವವನು ಗೀವಿ. ಅಣ್ಣನದೇ ವಯಸ್ಸು, ಅಣ್ಣನದೇ ಹೊಟ್ಟೆ. ಕಾರು ನಿಲ್ಲುವ ಮೊದಲೇ ಬಂದು ಅಣ್ಣನನ್ನು ತಬ್ಬಿಕೊಂಡ. ಅಣ್ಣ ಅವನ ಭುಜದ ಮೇಲಿಂದ ಝರಿಯನ್ನು ಹುಡುಕಿದ. ಅದು ಇತ್ತು. ವಿಡಿಯೋದಲ್ಲಿ ಹೇಗಿತ್ತೋ ಹಾಗೆಯೇ ಬೀಳುತ್ತಿತ್ತು.

“ಸುಳ್ಳಲ್ಲ ತಂಗಿ, ಖರೇನೇ ಅದ” ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನ ಕಣ್ಣು ತೇವವಾಗಿತ್ತು. ಅಣ್ಣನ ಬಗ್ಗೆ ನಾನು ಏನೇ ಹೇಳಲಿ, ಆ ಹೊತ್ತಿನಲ್ಲಿ ಅವನಿಗೆ ಆ ಝರಿ ಸಿಗಲಿ ಎಂದು ಮನಸಾರೆ ಬಯಸಿದೆ.

ಒಳಗೆ ಗೋಡೆಯ ಮೇಲೆ ದಪ್ಪ ಮೀಸೆಯವನೊಬ್ಬನ ಫೋಟೋ. ಗೀವಿ ಅದನ್ನು ತೋರಿಸಿ “ಮಾಮಾ” ಎಂದ. ಗೋಡೆಯನ್ನು ತಟ್ಟಿ “ಮಾಮಾ” ಎಂದ. ಈ ಮನೆ ಮಾಮಾ ಕಟ್ಟಿದ್ದು ಎಂದು ಅರ್ಥವಾಯಿತು. ನಾನಾ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ವಕೀಲಿ ಬುದ್ಧಿ ಚುರುಕಾಯಿತು. ಮನೆ ಸೋದರಮಾವನಿಂದ ಬಂದಿದ್ದರೆ ಅದು ತಾಯಿಯ ತವರಿನ ಆಸ್ತಿ. ಮಾವನ ಹೆಂಡತಿ ಎಲ್ಲಿ, ಮಕ್ಕಳೆಲ್ಲಿ, ಅವರ ಒಪ್ಪಿಗೆಯೆಲ್ಲಿ?

ಅಣ್ಣನೂ ಗಾಬರಿಯಾದ. “ಮಾಮಾನ ಮನಿ ಅಂವಾ ಹ್ಯಾಂಗ ಮಾರ್ತಾನ? ಮಾಮಾನ ಮಗಳನ್ನ ಲಗ್ನ ಆಗ್ಯಾನೇನು ಕೇಳು.”

ಇದು ನಮ್ಮ ಕಡೆ ಸಹಜವಾದ ಪ್ರಶ್ನೆ. ನಾನು ಕೈಸನ್ನೆಯಿಂದ, ಬೆರಳಿನ ಉಂಗುರ ತೋರಿಸಿ, ಫೋಟೋ ತೋರಿಸಿ, ಮಾಮಾನ ಮಗಳನ್ನು ಮದುವೆಯಾಗಿದ್ದೀಯಾ ಎಂದು ಗೀವಿಗೆ ಕೇಳಿದೆ. ಗೀವಿ ಮೊದಲು ನಕ್ಕ. ಎರಡನೇ ಸಲ ಕೇಳಿದಾಗ ನಗು ನಿಂತಿತು. ಮೂರನೇ ಸಲಕ್ಕೆ ಅವನು ಕುರ್ಚಿಯಿಂದ ಎದ್ದು ನಾನಾಳನ್ನು ಕೂಗಿದ.

ಜಾರ್ಜಿಯಾದ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ. ನಾನು ಅವನಿಗೆ, ನಿನ್ನ ಸ್ವಂತ ಅಕ್ಕನನ್ನೋ ತಂಗಿಯನ್ನೋ ಮದುವೆಯಾಗಿದ್ದೀಯಾ ಎಂದು ಮೂರು ಸಲ ಕೇಳಿದ್ದೆ.

ನಾನಾ ಹೇಗೋ ಸಮಾಧಾನ ಮಾಡಿದಳು. ಊಟಕ್ಕೆ ಕೂತಾಗಲೂ ಗೀವಿ ನನ್ನಿಂದ ಎರಡು ಕುರ್ಚಿ ದೂರದಲ್ಲಿಯೇ ಇದ್ದ. ಊಟ ಮಾತ್ರ ಚೆನ್ನಾಗಿತ್ತು. ಅಕ್ರೋಟ ಅರೆದು ತುಂಬಿದ ಬದನೆಕಾಯಿಯನ್ನು ಅಣ್ಣ ನಾಲ್ಕು ಸಲ ಹಾಕಿಸಿಕೊಂಡ. ಶೇಂಗಾದ ಬದಲು ಅಕ್ರೋಟ ಅಷ್ಟೇ, ನಮ್ಮ ಎಣ್ಣಿಗಾಯಿನೇ ಇದು ಎಂದ. ದ್ರಾಕ್ಷಾರಸ ಮಾತ್ರ ಬೇಡವೆಂದ. ನಾವು ಲಿಂಗ ಕಟ್ಟಿದವರು, ಮುಟ್ಟುವುದಿಲ್ಲ ಎಂದು ಹೇಳಿಸಿದಾಗ ಗೀವಿ ಮುಖ ಸಣ್ಣದು ಮಾಡಿದ. ಅದನ್ನು ಇಡುವ ಗಡಿಗೆಯನ್ನಾದರೂ ನೋಡಿ ಎಂದು ನೆಲಮನೆಗೆ ಕರೆದೊಯ್ದ. ಆಳೆತ್ತರದ ಗಡಿಗೆಗಳು ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದವು.

“ಹಗೇವು!” ಎಂದು ಅಣ್ಣ ಕೂಗಿದ. ನಮ್ಮ ಅಜ್ಜನ ಕಾಲದಲ್ಲಿ ಜೋಳ ಇಡುತ್ತಿದ್ದ ನೆಲದ ಕಣಜ ನೆನಪಾಗಿತ್ತು ಅವನಿಗೆ. “ಕೇಳು ತಂಗಿ, ಇದರಾಗ ಎಷ್ಟ್ ಚೀಲ ಹಿಡಸ್ತಾವ?”

ಪಶ್ಚಿಮಕ್ಕೆ

ಊಟದ ಮೇಲೆ ನಾಲ್ಕು ದಿಕ್ಕು ನಡೆದೆವು. ನಾನು ಡೈರಿ ಹಿಡಿದು ಮುಂದೆ, ಪಕ್ಕದಲ್ಲಿ ಮೊಬೈಲಿನ ನಕ್ಷೆ ಹಿಡಿದ ನಾನಾ, ಹಿಂದೆ ಅಣ್ಣ ಮತ್ತು ಗೀವಿ. ಪೂರ್ವಕ್ಕೆ ಊರ ದಾರಿ. ದಕ್ಷಿಣಕ್ಕೆ ಗೀವಿಯ ದಾಯಾದಿಯ ತೋಟ. ಉತ್ತರಕ್ಕೆ ಇಗರ್ಜಿಯ ಗೋಡೆ. ಎಲ್ಲ ಬರೆದುಕೊಂಡೆ.

“ಪಶ್ಚಿಮಕ್ಕೆ?”

“ಲಾಮಾರಾ” ಎಂದ ಗೀವಿ.

ನಾನಾ ನಿಂತಳು. ನಕ್ಷೆಯನ್ನು ದೊಡ್ಡದು ಮಾಡಿ ಅಕ್ರೋಟದ ಮರದವರೆಗೆ ಹೋಗಿ ಬಂದಳು. ಗಡಿಯ ಗೆರೆ ಮರಕ್ಕೂ ಝರಿಗೂ ನಡುವೆ ಹಾದುಹೋಗಿತ್ತು. ಮನೆ, ಮರ ಗೀವಿಯದು. ಝರಿ ಬೇರೆ ತುಂಡಿನಲ್ಲಿತ್ತು. ಆ ತುಂಡು ಗೀವಿಯ ತಂಗಿ ಲಾಮಾರಾಳದು.

ಸಂಗತಿ ಹೀಗಿತ್ತು. ಅವರ ಅಪ್ಪ, ಅಂದರೆ ಆ ಮಾಮಾ, ಸಾಯುವ ಮೊದಲು ಮನೆಯನ್ನು ಮಗನಿಗೆ ಕೊಟ್ಟು, ಝರಿಯಿದ್ದ ಆ ಚೂರು ಹಿತ್ತಿಲನ್ನು ಮಗಳಿಗೆ ಬರೆದಿದ್ದ. ಹುಡುಗಿಯಾಗಿದ್ದಾಗ ಮನೆಗೆಲ್ಲ ನೀರು ಹೊತ್ತವಳು ಅವಳು, ನೀರು ಅವಳಿಗೇ ಇರಲಿ ಎಂದಿದ್ದನಂತೆ.

ಗೀವಿ ಕೈ ಝಾಡಿಸಿದ. ನಾನಾ ಅವನ ಮಾತನ್ನು ನನಗೆ ಹೇಳಿದಳು: ತಂಗಿಯದು ಅಂದರೆ ನನ್ನದೇ ಅಲ್ಲವೇ?

ನಾನು ಅಣ್ಣನಿಗೆ ಹೇಳಿದೆ. ಅಣ್ಣನಿಗೆ ದೊಡ್ಡ ಸಮಾಧಾನವಾಯಿತು. “ಮತ್ತ! ತಂಗಿದು ಅಂದ್ರ ಅಂವಂದೇ ಅಲ್ಲೇನು? ಇದರಾಗ ತಕರಾರ್ ಏನದ? ಆಕಿ ಕಡಿಂದ ಒಂದು ಹಕ್ಕಸೋಡ ಮಾಡಿಸ್ಕೋರಿ.” ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಭಾಷೆಯಿಲ್ಲದೆ ಅವರು ಪೂರ್ತಿ ಒಪ್ಪಿದ ಮೊದಲ ಮಾತು ಅದು.

ಹಕ್ಕಸೋಡ ಎಂದರೆ ಏನು ಎಂದು ನಾನಾ ಕೇಳಿದಳು. ಅಪ್ಪನ ಆಸ್ತಿಯಲ್ಲಿ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟೆ ಎಂದು ಹೆಣ್ಣುಮಗಳು ಬರೆದುಕೊಡುವ ಕಾಗದ ಎಂದೆ.

“ದಾನವೇ?”

“ಅಲ್ಲ.”

“ಮಾರಾಟವೇ?”

“ಅಲ್ಲ.”

“ಪ್ರತಿಯಾಗಿ ಅವಳಿಗೆ ಏನು ಸಿಗುತ್ತದೆ?”

ನಾನು ಅಣ್ಣನ ಚೀಲದ ಕಡೆ ನೋಡಿದೆ. “ಸೀರೆ.”

ನಾನಾ ತನ್ನ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ಸೀರೆ ಒಂದೇ ಏಕೆ, ಪ್ರತಿವರ್ಷವೂ ಕೊಡುತ್ತಾರೆಯೇ, ಸೀರೆ ಹರಿದರೆ ಪಾಲು ಮರಳಿ ಬರುತ್ತದೆಯೇ ಎಂದು ಕೇಳಿದಳು. ಕುಚೇಷ್ಟೆಯಲ್ಲ, ಆಕೆ ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಆ ಸಂಜೆ ಝರಿಯ ಆಚೆಗೇ ಇದ್ದ ಲಾಮಾರಾಳ ಮನೆಗೆ ಹೋದೆವು. ಅವಳು ಊರ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಅಣ್ಣ ಶಾಸ್ತ್ರ ಬಿಡುವವನಲ್ಲ. ತೆಂಗಿನಕಾಯಿ ಸಿಗಲಿಲ್ಲವೆಂದು ಒಂದು ಕಲ್ಲಂಗಡಿ ಕೊಂಡಿದ್ದ. ಸೀರೆಯ ಮೇಲೆ ಕಲ್ಲಂಗಡಿ ಇಟ್ಟು ಎರಡೂ ಕೈಯಿಂದ ಅವಳಿಗೆ ಕೊಟ್ಟ. “ತಗೋರಿ ಅಕ್ಕಾರ, ತವರಿಂದು ಅಂತ ತಿಳೀರಿ.”

ಲಾಮಾರಾ ಸೀರೆ ಬಿಚ್ಚಿದಳು. ಬಿಚ್ಚುತ್ತ ಹೋದಳು. ಅದು ಮುಗಿಯದ್ದನ್ನು ನೋಡಿ ನಗತೊಡಗಿದಳು. ಉದ್ದಕ್ಕೂ ಅಳೆದು ಕೊನೆಗೆ ಊಟದ ಮೇಜಿನ ಮೇಲೆ ಎರಡು ಮಡಿಕೆ ಹಾಸಿ, ತುಂಬ ಚೆಂದ, ಹಬ್ಬಕ್ಕೆ ಆಯಿತು ಎಂದಳು. ಆಮೇಲೆ ನಾನಾ ನಮ್ಮ ಬೇಡಿಕೆಯನ್ನು ತಿಳಿಸಿದಳು. ಲಾಮಾರಾ ಕೇಳಿಸಿಕೊಂಡು ಅಣ್ಣನನ್ನೂ ನೋಡಲಿಲ್ಲ, ಗೀವಿಯನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು.

“ನೀನು ಸಹಿ ಮಾಡಿದ್ದೀಯಾ ಎಂದು ಕೇಳುತ್ತಿದ್ದಾರೆ” ಎಂದಳು ನಾನಾ.

ಮಾಡಿದ್ದೆ. ಅಪ್ಪ ತೀರಿಕೊಂಡ ವರ್ಷ, ಉಮರ್ಗಾದ ಮನೆಗೆ, ಅಂಗಡಿಗೆ. ಬೇರೆ ಹೆಣ್ಣುಮಕ್ಕಳಿಗೆ ನೂರಾರು ಹಕ್ಕಸೋಡ ಬರೆದುಕೊಟ್ಟವಳು ನಾನು, ನನ್ನದನ್ನೂ ನಾನೇ ಬರೆದಿದ್ದೆ. ಬೇರೆಯವರು ಬರೆದರೆ ಕಾಗುಣಿತ ತಪ್ಪುತ್ತದೆ ಎಂದು. ಅಣ್ಣ ಕೇಳಿರಲಿಲ್ಲ. ಕೇಳುವ ಮಾತೇ ಅಲ್ಲ ಅದು, ಕಾಗದ ಯಾವತ್ತು ತರಲಿ ಎಂದು ಹೇಳಿಕಳಿಸಿದ್ದ. ಉಡಿ ತುಂಬಿ ಹಸಿರು ಸೀರೆ ಕೊಟ್ಟರು. ಅದನ್ನುಟ್ಟು ಬಸ್ಸಿನಲ್ಲಿ ನಿಲಂಗಾಕ್ಕೆ ಬರುವಾಗ ಏನೂ ಅನ್ನಿಸಿರಲಿಲ್ಲ. ಈಗ ಪರದೇಶದ ಮೇಜಿನ ಮುಂದೆ, ಮಾಡಿದ್ದೇನೆ ಎಂದು ಹೇಳುವಾಗ ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಅಣ್ಣನ ಮೇಲೋ ನನ್ನ ಚೆಂದದ ಕಾಗುಣಿತದ ಮೇಲೋ ತಿಳಿಯಲಿಲ್ಲ.

ಲಾಮಾರಾ ಲೆಕ್ಕದ ಟೀಚರು ಉತ್ತರ ಹೇಳುವಂತೆ ಹೇಳಿದಳು. ಝರಿಯನ್ನು ಮಾರುತ್ತೇನೆ. ಇವನಿಗಲ್ಲ, ಇವಳಿಗೆ.

ಅಣ್ಣನಿಗೆ ನಾನು ಅದನ್ನು ಎರಡು ಸಲ ಹೇಳಬೇಕಾಯಿತು. “ನಿನ್ನ ಹೆಸರಿಲೆ?” ಎಂದು ಕೇಳಿ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆವು. ಬೇಲಿಯ ದಣಪೆ ದಾಟಿ ಹೋಗಿ ಅಕ್ರೋಟದ ಮರವನ್ನು ಮೂರು ಸುತ್ತು ಸುತ್ತಿದ. ಝರಿಯ ಮುಂದೆ ನಿಂತ. ಮರಳಿ ಬಂದು, “ಆಗಲಿ. ತಂಗಿದು ಅಂದ್ರ ನಂದೇ ಅಲ್ಲೇನು” ಎಂದ.

ನೋಂದಣಿಯ ದಿನ

ಮರುದಿನ ತನ್ನ ಆಫೀಸಿನಲ್ಲಿ ನಾನಾ ಅಣ್ಣನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡು ನನ್ನನ್ನು ಕೇಳಿದಳು, ಝರಿ ನಿನಗೆ ಬೇಕೇ?

ಅಣ್ಣನಿಗೆ ಬೇಕು ಎಂದೆ.

ಅದು ನನಗೆ ಗೊತ್ತು, ನಿನಗೆ ಬೇಕೇ ಎಂದು ಮತ್ತೆ ಕೇಳಿದಳು. ನಮ್ಮ ಬಳಿ ಸಹಿಗೆ ಬರುವ ಹೆಣ್ಣುಮಕ್ಕಳನ್ನು ನಾನು ಯಾವತ್ತೂ ಬಾಗಿಲು ಹಾಕಿಕೊಂಡು ಕೇಳಿಲ್ಲ. ಅಣ್ಣತಮ್ಮಂದಿರು ಪಕ್ಕದಲ್ಲೇ ನಿಂತಿರುತ್ತಾರೆ, ನಾನು ಪೆನ್ನಿನ ಮುಚ್ಚಳ ತೆಗೆದು ಕೊಡುತ್ತೇನೆ.

ಬೇಕು ಎಂದೆ.

ಆ ತುಂಡು ದಾಖಲೆಯಲ್ಲಿ ಹೊಲವಲ್ಲ, ಮನೆಜಾಗ, ಆದ್ದರಿಂದ ಪರದೇಶದವರು ಕೊಳ್ಳಲು ಅಡ್ಡಿಯಿಲ್ಲ ಎಂದು ಅವಳು ಖಚಿತ ಮಾಡಿದಳು. ಅದಕ್ಕೆ ನಿನ್ನ ಸ್ವಂತ ಗಳಿಕೆಯಿಂದಲೇ ಕೊಡು, ಮುಂದೆ ಯಾರೂ ಮಾತೆತ್ತಬಾರದು ಎಂದಳು. ಹಾಗೆಯೇ ಮಾಡಿದೆ. ಮನೆಯ ಕಾಗದಕ್ಕೆ ಅಣ್ಣ ಅವಳ ಕಕ್ಷಿದಾರ, ಝರಿಯ ಕಾಗದಕ್ಕೆ ನಾನು ಎಂದು ಬೇರೆ ಬೇರೆ ಪತ್ರ ಬರೆಸಿ ನಮ್ಮಿಬ್ಬರ ಸಹಿ ತೆಗೆದುಕೊಂಡಳು.

ಆಮೇಲೆ ನೋಟರಿಯ ಮುಂದೆ ಹೊಸ ಫಜೀತಿ. ಕಾಗದವನ್ನು ಕೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು, ಇಲ್ಲದಿದ್ದರೆ ಸಹಿ ನಡೆಯದು. ಅಣ್ಣ ತನಗೆ ಇಂಗ್ಲಿಷ್ ಬರುತ್ತದೆ ಎಂದು ಸಾಧಿಸಿದ. ನೋಟರಿಗೆ ಸಂಶಯ ಬಂದು, ಬೆಳಿಗ್ಗೆ ಏನು ತಿಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಯಸ್” ಎಂದ ಅಣ್ಣ.

“ನಿಮಗೆ ಎಷ್ಟು ಮಕ್ಕಳು?”

“ಯಸ್, ಯಸ್.”

ನಾನು ಅವನ ತಂಗಿ, ಜೊತೆಯ ಕಾಗದದಲ್ಲಿ ಒಂದು ಪಕ್ಷ ಬೇರೆ, ಆದ್ದರಿಂದ ಅನುವಾದ ಮಾಡುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನಾ ಎಲ್ಲಿಂದಲೋ ಸರಕಾರದ ಮುದ್ರೆಯಿದ್ದ ಒಬ್ಬ ಹಿಂದಿ ಭಾಷಾಂತರಕಾರರನ್ನು ಕರೆತಂದಳು. ಎಂಬತ್ತರ ಹತ್ತಿರದ ಜಾರ್ಜಿಯನ್ ಮುದುಕರು. ಯೌವನದಲ್ಲಿ ಮಾಸ್ಕೋದಲ್ಲಿ ಹಿಂದಿ ಕಲಿತು ಆಮೇಲೆ ಒಬ್ಬ ಹಿಂದಿಯವನನ್ನೂ ಭೇಟಿಯಾಗದೆ ಅದನ್ನು ಮಡಿಯಾಗಿ ಕಾಪಾಡಿಕೊಂಡಿದ್ದರು. ವಿಕ್ರೇತಾ, ಕ್ರೇತಾ, ಅಚಲ ಸಂಪತ್ತಿ, ತದುಪರಾಂತ ಎಂದು ಓದತೊಡಗಿದರು. ಉಮರ್ಗಾ ಬಾಜಾರಿನ ದಖನಿ ಹಿಂದಿಯ ಅಣ್ಣ ಬೆವರಿದ. ಅವರು ಗಂಭೀರವಾಗಿ “ಜಲ ಸ್ರೋತ” ಎಂದರು.

“ಝಾಲಾ?” ಎಂದು ಅಣ್ಣ ಎದ್ದು ನಿಂತ. ಮರಾಠಿಯಲ್ಲಿ ಝಾಲಾ ಎಂದರೆ ಆಯಿತು ಎಂದರ್ಥ. “ಮುಗೀತೇನ್ ತಂಗಿ? ಸಹಿ ಎಲ್ಲಿ?”

ನಾನು ಕನ್ನಡದಲ್ಲಿ ಕೂತುಕೋ ಎಂದೆ. ಝರಿ ನಿನ್ನ ಕಾಗದದಲ್ಲಿ ಇಲ್ಲ, ಅದು ಪಶ್ಚಿಮಕ್ಕೆ ಇದೆ ಎಂದು ಬರೆದಿದ್ದಾರೆ ಎಂದು ವಿವರಿಸಿದೆ. ಹೌದು, ಚತುಃಸೀಮೆಯನ್ನು ನಾನಾ ನನ್ನ ಮಾತಿಗೆ ಕಟ್ಟುಬಿದ್ದು ಸೇರಿಸಿದ್ದಳು. ಇವರಿಬ್ಬರು ಯಾವ ಭಾಷೆ ಮಾತಾಡುತ್ತಿದ್ದಾರೆ ಎಂದು ನೋಟರಿ ವಿಚಾರಿಸಿದ. ಮುದುಕರು ಕಿವಿಗೊಟ್ಟು ಕೇಳಿ, ಇದು ಹಿಂದಿಯ ಒಂದು ಉಪಭಾಷೆ ಎಂದು ಬರೆಸಿದರು. ನಾನು ಜಗಳಕ್ಕೆ ಏಳುವವಳಿದ್ದೆ. ನಾನಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಎರಡೂ ಕಾಗದ ನೋಂದಣಿಯಾದವು.

ಝರಿಯ ಬಳಿ

ಸಂಜೆ ನಾವು ಮೂವರೂ ಹಳ್ಳಿಗೆ ಮರಳಿದೆವು. ಅಣ್ಣ ಮನೆಯ ಬೀಗ ತೆಗೆದ, ಒಳಗೆ ಒಂದು ಸುತ್ತು ಹಾಕಿದ, ನೇರ ಹಿತ್ತಿಲಿಗೆ ಬಂದ. ಮರದ ಕೆಳಗೆ ನಿಂತು ಗಂಟಲು ಸರಿಮಾಡಿಕೊಂಡ.

“ತಂಗೀ, ಹ್ಯಾಂಗೂ ಎಲ್ಲ ಛಲೋ ಆತು. ಊರಿಗೆ ಹೋದ ಮ್ಯಾಲ ಈ ಝರಿದು ಒಂದು ಹಕ್ಕಸೋಡ ಬರದ್ ಕೊಟ್ಟುಬಿಡು. ನಮ್ಮ ನಮ್ಮಾಗ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡಷ್ಟೇ ಸಹಜವಾಗಿ ಹೇಳಿದ.

“ವಕೀಲರನ್ನ ಕೇಳಿ ಹೇಳ್ತೀನಿ ಅಣ್ಣಾ” ಎಂದೆ.

“ನೀನೇ ವಕೀಲಿ ಅಲ್ಲೇನು?”

“ಇದು ಪರದೇಶದ ಆಸ್ತಿ. ಇಲ್ಲಿ ನನ್ನ ಸನದು ನಡಿಯಂಗಿಲ್ಲ.”

ಅಣ್ಣ ನಾನಾಳ ಕಡೆ ತಿರುಗಿದ. ನಾನಾಸಾಹೇಬ್ರ, ನೀವರೆ ಹೇಳ್ರಿ ಎಂದ. ಅವನ ಮಾತನ್ನು ನಾನೇ ಇಂಗ್ಲಿಷಿಗೆ ಅನುವಾದ ಮಾಡಿದೆ, ಒಂದು ಅಕ್ಷರ ಬಿಡದೆ. ನಾನಾ ಸಮಾಧಾನದಿಂದ ಉತ್ತರ ಕೊಟ್ಟಳು. ಝರಿಯ ವಿಷಯದಲ್ಲಿ ಅವಳು ನನ್ನ ವಕೀಲೆ. ನನ್ನ ವಿರುದ್ಧ ಅವನಿಗೆ ಸಲಹೆ ಕೊಡುವಂತಿಲ್ಲ. ಅವನಿಗೆ ಬೇಕಾದರೆ ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಲಿ, ಅದು ಅವನ ಹಕ್ಕು.

“ನಿನ್ನ ಮ್ಯಾಲೆ ನಾ ವಕೀಲರನ್ನ ಇಡಬೇಕಂತೇನು?”

“ಹಂಗಂತಾಳ ಆಕಿ.”

ಅಣ್ಣ ನಕ್ಕ. ನಾನು ನಗಲಿಲ್ಲ. ಅವನ ನಗು ಅರ್ಧಕ್ಕೆ ನಿಂತಿತು. ಮರ ದಾಟಿ ಕಲ್ಲಿನ ದೋಣಿಯ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿದ ನೀರು ಒಂದು ಮೊಳ ದೂರದಲ್ಲಿ ಬೀಳುತ್ತಿತ್ತು. ಬೊಗಸೆ ಚಾಚಿದವನು ತಡೆದ. ಕೈ ಹಾಗೆಯೇ ಹಿಡಿದು ನನ್ನ ಕಡೆ ತಲೆಯೆತ್ತಿ ನೋಡಿದ.

“ಕುಡೀಲೇನು?”

ಹುಟ್ಟಿದಾಗಿನಿಂದ ಅಣ್ಣ ನನ್ನ ಒಪ್ಪಿಗೆಯನ್ನು ಯಾವತ್ತೂ ಕೇಳಿದ್ದಿಲ್ಲ. ತಾ ಎಂದಿದ್ದಾನೆ, ಮಾಡು ಎಂದಿದ್ದಾನೆ, ಪ್ರೀತಿಯಿಂದಲೇ ಎಂದಿದ್ದಾನೆ. ಕೇಳಿದ್ದಿಲ್ಲ. ನನಗೆ ಅಳು ಬಂತು. ಪರದೇಶದ ವಕೀಲೆಯ ಮುಂದೆ ಅಳಬಾರದೆಂದು ಮೂಗು ಒರೆಸಿಕೊಂಡೆ.

“ಕುಡಿ ಅಣ್ಣಾ” ಎಂದೆ.

ಅವನು ಹೊಟ್ಟೆ ತುಂಬ ಕುಡಿದ. ಮುಖಕ್ಕೆ ಹಾಕಿಕೊಂಡ, ತಲೆಗೆ ಹಾಕಿಕೊಂಡ, ಅಂಗಿಯೆಲ್ಲ ಒದ್ದೆ ಮಾಡಿಕೊಂಡ. ಆಮೇಲೆ ಎದ್ದು, ಹಲ್ಲು ಜುಮ್ಮೆನ್ನುತ್ತವೆ ಎಂದು ಹೇಳಿ, ನನಗೂ ಒಂದು ಬೊಗಸೆ ಹಿಡಿದು ತಂದ.